ಆಡೆಲ್‌ಫೋರ್ಡಿನ ಅಜ್ಜ

ಹೋದ ಮಂಗಳವಾರ ಮಧ್ಯಾಹ್ನ ಅಡಿಲೇಡಿನಲ್ಲಿ ನಾನು ಕೆಲಸ ಮಾಡುವ ವೃದ್ಧಾಶ್ರಮದ ಸ್ಟಾಫ್ ರೂಮಿನಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿದ್ದೆ. ಬ್ರಿಸ್ಬೇನಿನಿಂದ ಅಜ್ಜನ ಮಗಳ ಮೆಸೇಜ್ ಬಂತು. ‘ಅಪ್ಪ ಭಾನುವಾರ ಬೆಳಿಗ್ಗೆ ತೀರಿಕೊಂಡರು. ನೋವೇನೂ ಇರಲಿಲ್ಲ. ನಿಮಗೆ ತಿಳಿಸಬೇಕು ಅನ್ನಿಸಿತು.’ ಮೂರು ಸಲ ಓದಿದೆ. ಇದು ನನ್ನ ಮೇಲಿನ ವಿಶ್ವಾಸದಿಂದ ಬರೆದದ್ದೋ, ಸಿಟ್ಟಿನಿಂದ ಬರೆದದ್ದೋ, ಬರೀ ಸೌಜನ್ಯಕ್ಕೋ, ಒಂದೂ ತಿಳಿಯಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ ಮತ್ತೆ ಕೆಲಸಕ್ಕೆ ಹೋದೆ.

ಆ ಅಪ್ಪ ನನಗೆ ಏನೂ ಆಗಬೇಕಾದವರಲ್ಲ. ಪರ್ತಿನಲ್ಲಿ ಓದುತ್ತಿದ್ದಾಗ ಪಾರ್ಟ್‌ಟೈಮ್ ಅಂತ ಮುದುಕರ ಮನೆಗಳಿಗೆ ಹೋಗುವ ಕೆಲಸ ಹಿಡಿದಿದ್ದೆ. ವಿಲೆಟನ್ ಬಡಾವಣೆಯ ಒಂದು ಹಳೆಯ ಇಟ್ಟಿಗೆ ಮನೆಗೆ ವಾರಕ್ಕೆ ನಾಲ್ಕು ಬೆಳಿಗ್ಗೆ ಹೋಗಿ, ಅವರಿಗೆ ಸ್ನಾನ ಮಾಡಿಸಿ, ತಿಂಡಿ ಕೊಟ್ಟು, ಮಾತ್ರೆ ನುಂಗಿಸಿ, ಬಟ್ಟೆ ಒಗೆಯಲು ಹಾಕಿ ಬರಬೇಕು. ಎರಡು ಗಂಟೆಯ ಕೆಲಸ. ನಮ್ಮ ಏಜೆನ್ಸಿಯವರು ಮೊದಲ ದಿನದ ತರಬೇತಿಯಲ್ಲೇ ಹೇಳಿದ್ದರು, ಯಾರನ್ನೂ ಹಚ್ಚಿಕೊಳ್ಳಬೇಡಿ ಅಂತ. ಅದರ ಮೇಲೊಂದು ಪರೀಕ್ಷೆ ಕೂಡ ಇತ್ತು. ನಾನು ಎಲ್ಲ ಪ್ರಶ್ನೆಗೂ ಸರಿ ಉತ್ತರ ಬರೆದು ಪಾಸಾಗಿದ್ದೆ.

ಅವರನ್ನು ಏನಂತ ಕರೆಯುವುದು ಅನ್ನುವುದೇ ಮೊದಲ ದಿನದ ಜಗಳ. ಹೆಸರು ಹಿಡಿದು ಕರೆ ಎಂದರು. ಎಂಬತ್ತನಾಲ್ಕರ ಹಿರಿಯರನ್ನು ಹೆಸರು ಹಿಡಿದು ಕೂಗಲು ರಾಣೇಬೆನ್ನೂರು ತಾಲ್ಲೂಕಿನ ನನ್ನ ನಾಲಿಗೆ ಒಪ್ಪಬೇಕಲ್ಲ. ಅಂಕಲ್ ಅಂದೆ. “ನಾನು ಯಾವಾಗ ನಿನ್ನ ಅಂಕಲ್ ಆದೆ?” ಅಂದರು. ಕೊನೆಗೆ ಅಜ್ಜ ಅಂದೆ. ಅರ್ಥ ಕೇಳಿ ತಿಳಿದುಕೊಂಡು, ಅದನ್ನು ನಮ್ಮ ಲಿಪಿಯಲ್ಲಿ ಬರೆದು ತೋರಿಸು ಅಂದರು. ದಪ್ಪ ಮಾರ್ಕರಿನಿಂದ ಹಳೆಯ ಪೇಪರಿನ ಮೇಲೆ ಅಂಗೈಯಗಲ ಬರೆದೆ. ಪೇಪರನ್ನು ಓರೆಯಾಗಿ ಹಿಡಿದು ಬಹಳ ಹೊತ್ತು ನೋಡಿ, “ದೊಡ್ಡ ಅಕ್ಷರದ ಕೆಳಗೆ ಒಂದು ಮರಿ ನೇತುಹಾಕಿದ್ದೀರಿ. ಹೀಗೆ ನೇತುಹಾಕಿದರೆ ಎರಡನೆಯ ಸಾಲಿಗೆ ಜಾಗ ಹೇಗೆ ಬಿಡುತ್ತೀರಿ?” ಎಂದು ಕೇಳಿದರು. ಹುಟ್ಟಿದಾಗಿನಿಂದ ಕನ್ನಡ ಬರೆದಿದ್ದೇನೆ, ಒತ್ತಕ್ಷರದ ಜಾಗದ ಬಗ್ಗೆ ಯೋಚನೆ ಮಾಡಿರಲಿಲ್ಲ. ಅವರು ಆಡಿದ್ದೆಲ್ಲ ಇಂಗ್ಲಿಷಿನಲ್ಲಿ. ನನ್ನ ತಲೆಯಲ್ಲಿ ಉಳಿದಿರುವುದು ಮಾತ್ರ ಕನ್ನಡದಲ್ಲಿ, ಹಾಗಾಗಿ ಹಾಗೇ ಬರೆಯುತ್ತಿದ್ದೇನೆ.

ಅಜ್ಜ ಬೋರ್ಡ್ ಬರೆಯುವವರು. ಈಗಿನ ಹಾಗೆ ಕಂಪ್ಯೂಟರಿನಲ್ಲಿ ಕತ್ತರಿಸಿ ಅಂಟಿಸುವ ಬೋರ್ಡಲ್ಲ, ಕುಂಚ ಹಿಡಿದು ಕೈಯಿಂದ ಬರೆಯುವ ಬೋರ್ಡು. ಅಂಗಡಿ, ಶಾಲೆ, ಚರ್ಚು, ಬಡಾವಣೆ, ರಸ್ತೆ, ಹೀಗೆ ಪರ್ತಿನ ಅರ್ಧ ಊರಿಗೆ ಹೆಸರು ಬರೆದವರು. ಒಂದು ಹೆಸರು ಬರೆಯುವ ಮೊದಲು ಆ ಜಾಗದಲ್ಲಿ ಒಂದು ಸುತ್ತು ನಡೆದು ಬರುತ್ತಿದ್ದರಂತೆ. “ನಡೆದು ನೋಡದೆ ಬರೆದರೆ ಅಕ್ಷರ ಸೊಟ್ಟ ಬರುತ್ತದೆಯೇ?” ಅಂತ ನಾನು ಕೆಣಕಿದೆ. “ಅಕ್ಷರ ನೆಟ್ಟಗೇ ಬರುತ್ತದೆ. ನನಗೆ ಸಮಾಧಾನ ಆಗುವುದಿಲ್ಲ” ಅಂದರು.

ನನ್ನ ಕಾಲಕ್ಕೆ ಅವರ ಕೈ ನಡುಗುತ್ತಿತ್ತು. ಕಣ್ಣಿನ ನಡುಭಾಗ ಪೂರ್ತಿ ಮಂಕಾಗಿ, ಅಂಚಿನಲ್ಲಿ ಮಾತ್ರ ಅಷ್ಟಿಷ್ಟು ಕಾಣುತ್ತಿತ್ತು. ಆದ್ದರಿಂದ ನನ್ನ ಮುಖ ನೋಡಬೇಕೆಂದರೆ ನನ್ನ ಕಿವಿಯ ಕಡೆ ನೋಡುತ್ತಿದ್ದರು. ಮೊದಮೊದಲು ನನ್ನ ಹಿಂದೆ ಯಾರೋ ನಿಂತಿದ್ದಾರೆ ಅಂತ ತಿರುಗಿ ನೋಡುತ್ತಿದ್ದೆ. ಟಿವಿಯಲ್ಲಿ ಯಾವುದಾದರೂ ಊರಿನ ಹೆಸರು ಕೇಳಿದರೆ ಬಲಗೈ ತೋರುಬೆರಳು ಕುರ್ಚಿಯ ಕೈ ಮೇಲೆ ಅದನ್ನು ಬರೆಯುತ್ತಿತ್ತು. ಬರೆಯುವಷ್ಟು ಹೊತ್ತು ಬೆರಳು ನಡುಗುತ್ತಿರಲಿಲ್ಲ. ನಾನು ಡಾಕ್ಟರಿಗೆ ಹೇಳಿದೆ. ಅವರು ಹೌದು, ಹಾಗೆ ಆಗುವುದುಂಟು ಅಂದರು, ಅಷ್ಟೇ. ತುಂಬ ಕಹಿಯಾದ ಚಹಾ ಕುಡಿಯುತ್ತಿದ್ದರು. ಬಕೆಟ್ಟಿನಲ್ಲಿ ನೀರು ಹಿಡಿದು ಚೆಂಬಿನಲ್ಲಿ ಸ್ನಾನ ಮಾಡಿಸಿದರೆ ಇಷ್ಟಪಡುತ್ತಿದ್ದರು, ಶವರ್ ಅಂದರೆ ಮುಖ ಗಂಟಿಕ್ಕುತ್ತಿದ್ದರು. ಇದನ್ನು ಕೇಳಿ, ನಾನು ಬಾಡಿಗೆಗಿದ್ದ ಮನೆಯ ಮೈಸೂರಿನ ಆಂಟಿ, “ಹಾಗಾದ್ರೆ ಅವ್ರು ನಮ್ಮೋರೇ ಬಿಡು, ದಾರಿ ತಪ್ಪಿ ಅಲ್ಲಿ ಹುಟ್ಬಿಟ್ಟಿದಾರೆ” ಅಂದಿದ್ದರು.

ಅವರು ಹುಟ್ಟಿದ್ದು ಇಂಗ್ಲೆಂಡಿನ ಆಡೆಲ್‌ಫೋರ್ಡ್ ಅನ್ನುವ ಹಳ್ಳಿಯಲ್ಲಿ. ಮೂವತ್ತೋ ನಲವತ್ತೋ ಮನೆ, ಒಂದು ಚರ್ಚು, ಒಂದು ಹೊಳೆ. ಫೋರ್ಡ್ ಅಂದರೆ ಹೊಳೆಯಲ್ಲಿ ಮೊಣಕಾಲುದ್ದ ನೀರಿದ್ದು ನಡೆದೇ ದಾಟಬಹುದಾದ ಜಾಗ. ಅಪ್ಪ ಸತ್ತ ಮೇಲೆ ಅಮ್ಮ ಎರಡು ಮಕ್ಕಳನ್ನು ಕಟ್ಟಿಕೊಂಡು ಹಡಗು ಹತ್ತಿದಳು. ಆಗ ಅಜ್ಜನಿಗೆ ಒಂಬತ್ತು ವರ್ಷ, ತಂಗಿಗೆ ಆರು. ಪರ್ತಿಗೆ ಬಂದ ಐದನೆಯ ವರ್ಷಕ್ಕೆ ಅಮ್ಮನೂ ಹೋದಳು. ಅವಳದು ಅಂತ ಮನೆಯಲ್ಲಿ ಏನೂ ಉಳಿದಿರಲಿಲ್ಲ. ಒಂದು ಫೋಟೋ ಕೂಡ ಇಲ್ಲ. ಉಳಿದದ್ದು ಊರಿನ ಹೆಸರಿನ ಕಥೆ.

ಹಡಗಿನಲ್ಲಿ ಮಕ್ಕಳು ಸಮುದ್ರಕ್ಕೆ ಹೆದರಿ ಅಳುತ್ತಿದ್ದಾಗ ಅವಳು ದಿನಾ ಹೇಳುತ್ತಿದ್ದ ಕಥೆ ಅದು. ಬಹಳ ಹಿಂದೆ ಆ ಹೊಳೆಯಲ್ಲಿ ಆಡೆಲ ಅನ್ನುವವಳ ಗಂಡ ಮುಳುಗಿ ಸತ್ತನಂತೆ. ಅಂದಿನಿಂದ ಆಕೆ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ತಾನೇ ಹೊಳೆಗೆ ಇಳಿದು ಆಚೆಗೆ ಹೋಗಿ ಈಚೆಗೆ ಬರುತ್ತಿದ್ದಳಂತೆ. ಬಂದು ದಡದಲ್ಲಿ ಸುಮ್ಮನೆ ನಿಲ್ಲುವಳು. ದಾರಿಹೋಕರು ಅವಳ ಲಂಗ ಎಲ್ಲಿಯವರೆಗೆ ನೆನೆದಿದೆ ಅಂತ ನೋಡಿ, ಈ ದಿನ ದಾಟಬಹುದೋ ಬೇಡವೋ ತೀರ್ಮಾನ ಮಾಡುತ್ತಿದ್ದರಂತೆ. ಆಡೆಲಳ ಫೋರ್ಡು, ಆಡೆಲ್‌ಫೋರ್ಡ್. ಈ ಕಥೆಯನ್ನು ಅಜ್ಜ ಹೇಳುವಾಗ ಎಡಗೈಯನ್ನು ಮೊಣಕಾಲ ಮೇಲಿಟ್ಟು ನೀರಿನ ಮಟ್ಟ ತೋರಿಸುತ್ತಿದ್ದರು.

ತೊಂದರೆ ಏನೆಂದರೆ, ಅವರ ಅಪ್ಪನ ಕಡೆಯವರು ಈ ಹೆಂಗಸನ್ನು ಸುಳ್ಳುಬುರುಕಿ ಅನ್ನುತ್ತಿದ್ದರು. ಬಾಯಿ ತೆರೆದರೆ ಕಟ್ಟುಕಥೆ, ಅವಳ ಒಂದು ಮಾತೂ ನಂಬಬೇಡಿ ಅಂತ ಮಕ್ಕಳ ಎದುರಿಗೇ ಹೇಳುತ್ತಿದ್ದರಂತೆ. ಎಪ್ಪತ್ತೈದು ವರ್ಷ ಕಳೆದರೂ ಅಣ್ಣ ತಂಗಿಗೆ ಆ ಮಾತು ಮುಳ್ಳಿನ ಹಾಗೆ ಉಳಿದಿತ್ತು. “ನಮ್ಮಮ್ಮ ಕಥೆ ಕಟ್ಟುವವಳಲ್ಲ” ಅಂತ ಅಜ್ಜ ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ನಾನು ಕೇಳದಿದ್ದರೂ ಹೇಳುತ್ತಿದ್ದರು.

ನಿನ್ನ ಊರಿನ ಹೆಸರು ಹೇಗೆ ಬಂತು ಅಂತ ಒಮ್ಮೆ ಕೇಳಿದರು. ನಮ್ಮೂರಲ್ಲಿ ಪಾಂಡವರು ವನವಾಸದಲ್ಲಿ ಒಂದು ದಿನ ತಂಗಿದ್ದರು, ಹಾಗೆ ಬಂತು ಅಂದೆ. ನಮ್ಮ ತಾಲ್ಲೂಕು ಒಂದರಲ್ಲೇ ಅವರು ತಂಗಿದ ಊರು ನಾಲ್ಕಿವೆ, ಇಡೀ ಕರ್ನಾಟಕದ್ದು ಎಣಿಸಿದರೆ ಅವರಿಗೆ ಹನ್ನೆರಡು ವರ್ಷ ಸಾಕಾಗುವುದಿಲ್ಲ ಅಂತಲೂ ಸೇರಿಸಿದೆ. ಅಜ್ಜ ನಗಲಿಲ್ಲ. “ದಾಖಲೆ ಇದೆಯೇ?” ಅಂದರು. “ದಾಖಲೆ ಯಾಕೆ ಅಜ್ಜ? ಭೀಮ ಕೂತ ಬಂಡೆಯೇ ಇದೆ. ನಾವು ಚಿಕ್ಕವರಿದ್ದಾಗ ಅದರ ಮೇಲೆ ಜಾರುತ್ತಿದ್ದೆವು.” ಅವರು, “ನಿಮ್ಮದು ಒಳ್ಳೆಯದು. ನಮ್ಮ ಕಡೆ ಕಾಗದದಲ್ಲಿ ಇಲ್ಲದಿದ್ದರೆ ಯಾರೂ ನಂಬುವುದಿಲ್ಲ” ಅಂದರು.

ಹೋದ ವರ್ಷ ಆಡೆಲ್‌ಫೋರ್ಡಿನ ಗ್ರಾಮ ಸಮಿತಿಯಿಂದ ಅವರಿಗೊಂದು ಇಮೇಲ್ ಬಂತು. ಸಮಿತಿ ಅಂದರೆ ಐದಾರು ಜನ. ಕಾರ್ಯದರ್ಶಿ ಒಬ್ಬ ನಿವೃತ್ತ ಟೀಚರಮ್ಮ. ಹೊಳೆಯ ದಡದಲ್ಲಿ ಊರಿನ ಹೆಸರಿನ ಮೂಲ ತಿಳಿಸುವ ಬೋರ್ಡ್ ಹಾಕಿಸುತ್ತಿದ್ದೇವೆ, ಆ ಊರಲ್ಲಿ ಹುಟ್ಟಿ ಬೇರೆಡೆ ಹೋದ ಹಿರಿಯರಿಗೆ ಏನಾದರೂ ಗೊತ್ತಿದ್ದರೆ ಬರೆಯಿರಿ ಅಂತ. ಅಜ್ಜನಿಗೆ ಹಬ್ಬವೇ ಬಂದ ಹಾಗಾಯಿತು. ಮೂರು ಬೆಳಿಗ್ಗೆ ಕೂತು ಅವರು ಹೇಳಿದರು, ನಾನು ಟೈಪ್ ಮಾಡಿದೆ. ನೆನೆದ ಲಂಗದ ವಿಷಯ ಬಿಟ್ಟು ಹೋಯಿತು ಅಂತ ನಾಲ್ಕನೆಯ ದಿನ ಮತ್ತೊಂದು ಇಮೇಲ್ ಕಳಿಸಿದೆವು. ಅದಾದ ಮೇಲೆ ನಾನು ಬಾಗಿಲು ತೆಗೆಯುವುದೇ ತಡ, “ಬಂತಾ?” ಅಂತ ಕೇಳುತ್ತಿದ್ದರು. ಒಂದು ತಿಂಗಳು ಹಾಗೇ ಹೋಯಿತು. ಊಟ ಕಡಿಮೆಯಾಯಿತು. ಅರ್ಧ ಬಟ್ಟಲು ಓಟ್ಸ್ ಕೂಡ ಒಳಗೆ ಇಳಿಯುತ್ತಿರಲಿಲ್ಲ, ಬೆಳಗಿನ ಮಾತ್ರೆಗಳು ಖಾಲಿ ಹೊಟ್ಟೆಗೆ ಹೋದರೆ ವಾಂತಿಯಾಗುತ್ತಿತ್ತು.

ಒಂದು ಗುರುವಾರ ಉತ್ತರ ಬಂತು. ಅಜ್ಜ ಟೇಬಲ್ಲಿನ ಮುಂದೆ ಕೂತಿದ್ದರು, ಓಟ್ಸ್ ಆಗಷ್ಟೇ ಬಡಿಸಿದ್ದೆ. ನಿಂತೇ ಓದಿಕೊಂಡೆ. ಟೀಚರಮ್ಮ ಬಹಳ ಮರ್ಯಾದೆಯಿಂದ ಬರೆದಿದ್ದರು. ಕಥೆ ಸೊಗಸಾಗಿದೆ, ಆದರೆ ನಾವು ತಿಳಿದವರನ್ನು ವಿಚಾರಿಸಿದೆವು. ಹಳೆಯ ಇಂಗ್ಲಿಷಿನಲ್ಲಿ ಆಡೆಲ ಅನ್ನುವ ಪದಕ್ಕೆ ಕೊಳಚೆ, ದನದ ಗಂಜಲ ಬೆರೆತ ಕೆಸರು ಅನ್ನುವ ಅರ್ಥವಿದೆ. ಹೊಳೆಯ ಆ ಭಾಗದಲ್ಲಿ ದನ ಇಳಿಯುತ್ತಿದ್ದವು. ಇನ್ನು ಆಡೆಲ ಅನ್ನುವ ಹೆಣ್ಣಿನ ಹೆಸರು ಈ ನಾಡಿಗೆ ಬರುವ ಮೊದಲೇ ಊರಿನ ಹೆಸರು ದಾಖಲೆಯಲ್ಲಿ ಸಿಗುತ್ತದೆ. ಹೀಗಾಗಿ ನಿಮ್ಮ ತಾಯಿಯವರ ಕಥೆಯನ್ನು ಬೋರ್ಡಿನಲ್ಲಿ ಹಾಕಲು ಬರುವುದಿಲ್ಲ, ಕ್ಷಮಿಸಿ.

ನಮ್ಮ ಕಡೆ ಹಸಿದವರಿಗೆ ಕೆಟ್ಟ ಸುದ್ದಿ ಹೇಳುವುದಿಲ್ಲ. ನಮ್ಮ ದೊಡ್ಡಪ್ಪ ತೀರಿಕೊಂಡ ದಿನ ಹಾವೇರಿಯಿಂದ ಓಡಿ ಬಂದ ಅತ್ತೆಗೆ, ಅಣ್ಣನ್ನ ದವಾಖಾನಿಗೆ ಒಯ್ದಾರ, ಮೊದ್ಲ ನೀ ಎರಡು ರೊಟ್ಟಿ ತಿನ್ನು ಅಂತ ಪಕ್ಕದ ಮನೆಯಲ್ಲಿ ಕೂರಿಸಿ ತಿನ್ನಿಸಿ, ಕೈ ತೊಳೆದ ಮೇಲೆಯೇ ನಿಜ ಹೇಳಿದ್ದು. ಅದನ್ನು ಯಾರೂ ಸುಳ್ಳು ಅನ್ನುವುದಿಲ್ಲ. ನಾನೂ ಅದನ್ನೇ ಮಾಡಹೊರಟೆ.

“ಬಂದಿದೆ ಅಜ್ಜ. ಮೊದಲು ತಿಂಡಿ ಮುಗಿಸಿ. ಆಮೇಲೆ ಓದುತ್ತೇನೆ.”

“ಒಂದೇ ಮಾತು ಹೇಳು. ಹೌದೋ, ಇಲ್ಲವೋ?”

ಚಮಚ ಬಟ್ಟಲಿಗೆ ಬಡಿದು ಟಕಟಕ ಸದ್ದು ಮಾಡುತ್ತಿತ್ತು. ನನ್ನ ಕಿವಿಯ ಕಡೆಗೇ ನೋಡುತ್ತಿದ್ದರು.

“ಹೌದು” ಅಂದೆ.

ಹತ್ತು ನಿಮಿಷದ ಮಟ್ಟಿಗೆ ಹೇಳಿದ ಹೌದು ಅದು. ಅಜ್ಜ ಬಟ್ಟಲು ಬಳಿದು ತಿಂದರು, ಇನ್ನಷ್ಟು ಹಾಕು ಅಂದರು, ಮಾತ್ರೆಗಳನ್ನು ಒಂದೊಂದಾಗಿ ನುಂಗಿದರು. ಬಟ್ಟೆ ಮೆಷಿನ್ನಿಗೆ ಹಾಕಿ ಬಂದು ಪಕ್ಕದಲ್ಲಿ ಕೂತು ಮೆತ್ತಗೆ ಹೇಳೋಣ ಅಂತ ಹಿತ್ತಲಿಗೆ ಹೋದೆ. ವಾಪಸ್ ಬರುವಷ್ಟರಲ್ಲಿ ಆ ದೊಡ್ಡ ಗುಂಡಿಗಳ ಫೋನು ಅವರ ಕಿವಿಯಲ್ಲಿತ್ತು. ಜೂಂಡಲಪ್ಪಿನ ನರ್ಸಿಂಗ್ ಹೋಮಿನಲ್ಲಿದ್ದ ತಂಗಿಗೆ ಫೋನ್ ಮಾಡಿಬಿಟ್ಟಿದ್ದರು. ಅಜ್ಜ ಅಳುತ್ತಿದ್ದರು. ಫೋನಿನಿಂದ ಆ ಕಡೆಯ ಅಳುವೂ ಕೇಳುತ್ತಿತ್ತು.

“ಇವಳೇ ಓದಿದ್ದು. ಇವಳ ಬಾಯಿಂದಲೇ ಕೇಳು” ಅಂತ ಫೋನು ನನ್ನ ಕೈಗೆ ಕೊಟ್ಟರು.

ಆಗಲಾದರೂ ಹೇಳಬಹುದಿತ್ತು. ಇವತ್ತು ಕೂತು ಬರೆಯುವಾಗ ಎಷ್ಟು ಸುಲಭವಾಗಿ ಕಾಣುತ್ತದೆ! ಆದರೆ ಆ ಅಜ್ಜಿ “ನಿಜವೇನಮ್ಮಾ?” ಅಂತ ಕೇಳಿದಾಗ, ನನ್ನ ಬಾಯಿಂದ ಬಂದದ್ದು, “ಹೌದು, ನಿಮ್ಮ ಅಮ್ಮ ಹೇಳಿದ ಹಾಗೇ ಹಾಕುತ್ತಾರಂತೆ.” ಮೊದಲನೆಯದು ಒಂದು ಪದ. ಇದು ಪೂರ್ತಿ ವಾಕ್ಯ.

ಆ ಸಂಜೆ ಮೈಸೂರು ಆಂಟಿಯ ಹತ್ತಿರ ಹೇಳಿಕೊಂಡು ಅತ್ತೆ. ಅವರು ಅನ್ನಕ್ಕೆ ಇಡುತ್ತಾ, “ಅಯ್ಯೋ ಅದಕ್ಯಾಕೆ ಇಷ್ಟೊಂದು ತಲೆ ಕೆಡಿಸ್ಕೋತೀಯ? ವಯಸ್ಸಾಗಿರೋ ಜೀವ, ಖುಷಿಯಾಗಿರ್ಲಿ ಬಿಡೆ. ಅವ್ರೇನು ಅಲ್ಲಿಗೆ ಹೋಗಿ ಬೋರ್ಡ್ ನೋಡ್ತಾರಾ?” ಅಂದರು. ಸೋಫಾದಲ್ಲಿ ಕೂತಿದ್ದ ಅವರ ಮಗಳು ಫೋನಿನಿಂದ ತಲೆ ಎತ್ತದೆ, “ದಟ್ಸ್ ನಾಟ್ ಓಕೆ, ಮಮ್” ಅಂದಳು. ಇಬ್ಬರ ಮಾತೂ ನನಗೆ ಸರಿ ಅನ್ನಿಸಿತು, ಅದೇ ನನ್ನ ಕಷ್ಟ.

ಮುಂದಿನ ವಾರ ಅಜ್ಜನಿಗೆ ತಂಗಿಯನ್ನು ನೋಡಲೇಬೇಕಾಯಿತು. ಏಜೆನ್ಸಿಯ ಒಪ್ಪಿಗೆ ತಗೊಂಡು, ವಾಕರ್ ಹಿಡಿಸಿಕೊಂಡು, ರೈಲಿನಲ್ಲಿ ಕರೆದುಕೊಂಡು ಹೋದೆ. ಊರಿನ ದಕ್ಷಿಣದಿಂದ ಉತ್ತರದ ತುದಿಗೆ ಒಂದೇ ರೈಲು, ಬದಲಾಯಿಸುವ ಹಾಗಿಲ್ಲ. ದಾರಿಯುದ್ದಕ್ಕೂ ಸ್ಟೇಷನ್ನುಗಳ ಹೆಸರು ಮೈಕಿನಲ್ಲಿ ಬಂದಾಗೆಲ್ಲ ಅವರ ಬೆರಳು ತೊಡೆಯ ಮೇಲೆ ಬರೆಯುತ್ತಿತ್ತು. ಅಷ್ಟು ಸಂತೋಷದಲ್ಲಿ ಅವರನ್ನು ನಾನು ಯಾವತ್ತೂ ನೋಡಿರಲಿಲ್ಲ. ಇಳಿಯುವಷ್ಟರಲ್ಲಿ ಹೇಳಿಬಿಡುತ್ತೇನೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡವಳು, ಸಿಟಿ ದಾಟುವಷ್ಟರಲ್ಲೇ ಸೋತೆ.

ತಂಗಿ ಹಾಸಿಗೆಯಲ್ಲಿದ್ದರು. ಹೃದಯ ಬಹಳ ದುರ್ಬಲವಾಗಿತ್ತು, ಮೂಗಿಗೆ ಆಮ್ಲಜನಕದ ನಳಿಕೆ ಹಾಕಿದ್ದರು. ಅಣ್ಣ ಕುರ್ಚಿ ಎಳೆದುಕೊಂಡು ಕೂತು ಅವಳ ಅಂಗೈಯನ್ನು ಬಿಡಿಸಿ, ಅದರ ಮೇಲೆ ಬೆರಳಿನಿಂದ ಒಂದೊಂದೇ ಅಕ್ಷರ ಬರೆದು ತೋರಿಸಿದರು, ಬೋರ್ಡಿನಲ್ಲಿ ಅಮ್ಮನ ಕಥೆ ಹೇಗೆ ಬರುತ್ತದೆ ಅಂತ. ಆ ಅಜ್ಜಿ ನಕ್ಕು ನಕ್ಕು ಕೆಮ್ಮಿದರು. “ಅಪ್ಪನ ಅಕ್ಕ ಬದುಕಿರಬೇಕಿತ್ತು. ಅವಳನ್ನು ಎಳೆದುಕೊಂಡು ಹೋಗಿ ಆ ಬೋರ್ಡಿನ ಮುಂದೆ ನಿಲ್ಲಿಸಬೇಕಿತ್ತು” ಅಂದರು. ಆಮೇಲೆ ನನ್ನ ಕೈ ಹಿಡಿದು, “ಎಂಟು ಹತ್ತು ವರ್ಷದವಳಿದ್ದಾಗ ನಾನೂ ಅಮ್ಮನನ್ನು ಸುಳ್ಳಿ ಅಂದಿದ್ದೆ. ಅವಳ ಮುಖಕ್ಕೇ ಅಂದಿದ್ದೆ. ಇವತ್ತು ಮನಸ್ಸು ಹಗುರಾಯಿತು” ಅಂದರು. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ.

ವಾಪಸ್ ಬಂದವಳೇ ಟೀಚರಮ್ಮನಿಗೆ ನನ್ನದೇ ಇಮೇಲಿನಿಂದ ಉದ್ದಕ್ಕೆ ಬರೆದೆ. ನಡೆದದ್ದೆಲ್ಲ ಮುಚ್ಚಿಡದೆ ಬರೆದೆ. ನಿಮ್ಮ ಅರ್ಥವೇ ದೊಡ್ಡ ಅಕ್ಷರದಲ್ಲಿರಲಿ, ಕೆಳಗೆ ಸಣ್ಣದಾಗಿ, ಊರವರಲ್ಲಿ ಇಂಥ ಒಂದು ಕಥೆಯೂ ಇದೆ ಅಂತ ಒಂದು ಸಾಲು ಸೇರಿಸಿ, ನಿಮ್ಮ ಕಾಲಿಗೆ ಬೀಳುತ್ತೇನೆ ಅಂದೆ. ಕಾಲಿಗೆ ಬೀಳುವುದು ಇಂಗ್ಲಿಷಿನಲ್ಲಿ ಹೇಗೆ ಕೇಳಿಸಿತೋ ಏನೋ. ಅವರ ಉತ್ತರ ಎರಡೇ ದಿನಕ್ಕೆ ಬಂತು. ನಿಮ್ಮ ಸಂಕಟ ಅರ್ಥವಾಗುತ್ತದೆ, ಸಮಿತಿಯ ಮುಂದೆ ಇಟ್ಟೆ, ಆದರೆ ಊರಿನಲ್ಲಿ ಈಗ ಆ ಕಥೆ ಗೊತ್ತಿರುವವರು ಒಬ್ಬರೂ ಇಲ್ಲ, ಒಂದೇ ಮನೆಯ ಕಥೆಯನ್ನು ಊರಿನ ಕಥೆ ಅನ್ನಲು ಬರುವುದಿಲ್ಲ ಅಂತ ಸಮಿತಿಯವರು ಅಂದರು, ಬೋರ್ಡೂ ತಯಾರಿಗೆ ಹೋಗಿದೆ. ಹಾಗಂತ ಬರೆದಿದ್ದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಅವರ ಮಾತಿನಲ್ಲಿ ತಪ್ಪೇನಿತ್ತು?

ಆರು ವಾರಕ್ಕೆ ತಂಗಿ ಹೋದರು.

ಶವಸಂಸ್ಕಾರಕ್ಕೆ ಬ್ರಿಸ್ಬೇನಿನಿಂದ ಅಜ್ಜನ ಮಗಳು ಬಂದಳು. ಒಬ್ಬಳೇ ಮಗಳು, ಅರವತ್ತರ ಹತ್ತಿರದವಳು, ಗಟ್ಟಿ ಧ್ವನಿಯ ಕೆಲಸಗಾತಿ. ಅಪ್ಪ ಎರಡು ಸಲ ಬಚ್ಚಲಲ್ಲಿ ಬಿದ್ದಿದ್ದರು, ಇನ್ನು ಇಲ್ಲಿ ಒಬ್ಬರೇ ಬೇಡ, ತನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆ ಅಂದಳು. ಅವಳನ್ನು ಕಾರಿನವರೆಗೂ ಬಿಟ್ಟು ಬರುವಾಗ ಎಲ್ಲ ಹೇಳಿಬಿಡೋಣ ಅಂತ ಬಾಯಿ ತೆರೆದೆ. ಅವಳೇ ಮೊದಲು, “ಆ ಬೋರ್ಡಿನ ವಿಷಯ ಇಲ್ಲದಿದ್ದರೆ ಅಪ್ಪ ಈ ಸಾವನ್ನು ತಡೆದುಕೊಳ್ಳುತ್ತಿರಲಿಲ್ಲ. ನಿಮಗೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಿಲ್ಲ” ಅಂದಳು. ನಾನು ಪರವಾಗಿಲ್ಲ ಅಂದೆ. ಅದಕ್ಕೆ ಪರವಾಗಿಲ್ಲ ಅಂದೆ, ನೋಡಿ.

ಅಷ್ಟರಲ್ಲಿ ನನ್ನ ವೀಸಾದ ಗಡಿಬಿಡಿಯೂ ಶುರುವಾಗಿತ್ತು. ಓದು ಮುಗಿದಿತ್ತು. ನನ್ನ ಕೆಲಸಕ್ಕೆ ಆಗ ಅಡಿಲೇಡಿನ ಕಡೆಯಿಂದ ಮಾತ್ರ ದಾರಿ ತೆರೆದಿತ್ತು, ಅಲ್ಲಿ ಹೋಗಿ ಇದ್ದು ದುಡಿಯಬೇಕು ಅನ್ನುವುದು ಷರತ್ತು. ಹೋಗುವುದಿಲ್ಲ ಅಂದರೆ ರಾಣೇಬೆನ್ನೂರಿಗೆ ಗಂಟು ಮೂಟೆ. ಅಜ್ಜನಿಗೆ ಹೇಳಿದಾಗ, “ಅಡಿಲೇಡು ಒಳ್ಳೆಯದು. ರಸ್ತೆಗಳು ನೆಟ್ಟಗಿವೆ, ಬೋರ್ಡು ದೂರದಿಂದಲೇ ಕಾಣುತ್ತದೆ” ಅಂದರು. ನಾನು ಹೊರಡುವ ಹಿಂದಿನ ಬೆಳಿಗ್ಗೆ ಸ್ನಾನ ಮಾಡಿಸಿ ತಲೆ ಒರೆಸುತ್ತಿದ್ದೆ. ಟವೆಲ್ಲಿನ ಒಳಗಿಂದಲೇ ಮಾತಾಡಿದರು.

“ಬೋರ್ಡಿನ ಫೋಟೋ ಬಂದರೆ ನೀನೇ ಓದಿ ಹೇಳಬೇಕು. ಬೇರೆ ಯಾರೂ ಬೇಡ.”

“ನಿಮ್ಮ ಮಗಳು ಓದುತ್ತಾರಲ್ಲ, ಅಜ್ಜ.”

“ಅವಳು ಅವಸರದವಳು. ಅಕ್ಷರ ನೋಡುವುದಿಲ್ಲ. ನೀನು ಓದು.”

ಆಗಲಿ ಅಂದೆ. ಆ ಹೊತ್ತಿಗೆ ಅವರು ಏನು ಕೇಳಿದರೂ ನಾನು ಆಗಲಿ ಅನ್ನುವ ಸ್ಥಿತಿಗೆ ಬಂದಿದ್ದೆ. ಬೋರ್ಡು ತಡವಾಗಲಿ, ದೇವರೇ, ಅಂತ ಕೂಡ ಬೇಡಿಕೊಂಡೆ. ಅಂದರೆ ಅದು ಬರುವ ಮೊದಲೇ ಅಜ್ಜ ಹೋಗಲಿ ಅಂತ ಬೇಡಿಕೊಂಡ ಹಾಗಾಯಿತು ಅನ್ನುವುದು ಆಮೇಲೆ ಹೊಳೆಯಿತು.

ಅಜ್ಜ ಬ್ರಿಸ್ಬೇನಿಗೆ ಹೋದ ಮೇಲೆ ಅವರಿಂದ ಎರಡು ವಾರಕ್ಕೊಮ್ಮೆ ಫೋನ್ ಬರುತ್ತಿತ್ತು. ಅಲ್ಲಿನ ಸೆಕೆ, ಮಗಳ ನಾಯಿ, ಮನೆಯ ಎದುರಿನ ಪ್ಲಾಸ್ಟಿಕ್ ಬೋರ್ಡಿನ ಕೆಟ್ಟ ಅಕ್ಷರ. ಕೊನೆಗೆ ಯಾವಾಗಲೂ, ಫೋಟೋ ಇನ್ನೂ ಬಂದಿಲ್ಲ. ಪ್ರತಿ ಸಲ ಫೋನ್ ಇಟ್ಟ ಮೇಲೆ, ಮುಂದಿನ ಸಲ ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಹೇಳಿದರೆ ಅವರಿಗೆ ಏನಾಗುತ್ತದೋ ಅಂತ ಹೆದರಿಕೆ, ಅಂತ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಳ್ಳುತ್ತಿದ್ದೆ. ಹೆದರಿಕೆ ನನ್ನ ಬಗ್ಗೆಯೂ ಇತ್ತು. ಅವರು ನನ್ನನ್ನು ಒಳ್ಳೆಯವಳು ಅಂದುಕೊಂಡಿದ್ದರು.

ಎರಡು ತಿಂಗಳ ಹಿಂದೆ, ಒಂದು ಶನಿವಾರ ಮಧ್ಯಾಹ್ನ ಬ್ರಿಸ್ಬೇನಿನಿಂದ ಫೋಟೋ ಬಂತು. ಟೀಚರಮ್ಮ ಅಜ್ಜನ ಇಮೇಲಿಗೆ ಕಳಿಸಿದ್ದನ್ನು ಮಗಳು ನನಗೆ ಕಳಿಸಿದ್ದಳು. ಹಿಂದೆಯೇ ಅವಳ ಫೋನು. ಅಪ್ಪ ಪಕ್ಕದಲ್ಲೇ ಇದ್ದಾರೆ, ನೀವೇ ಓದಬೇಕಂತೆ ಅಂದಳು. ಅವಳು ತಾನು ಓದಿದ್ದಳೋ ಇಲ್ಲವೋ ಧ್ವನಿಯಲ್ಲಿ ಗೊತ್ತಾಗಲಿಲ್ಲ.

ಫೋಟೋದಲ್ಲಿ ಹಸಿರು ದಡ, ಮರದ ಬೋರ್ಡು, ಅದಕ್ಕೆ ಒರಗಿಸಿಟ್ಟ ಒಂದು ಸೈಕಲ್ಲು.

“ಎಷ್ಟು ಅಗಲ ಇದೆ?” ಅಜ್ಜ ಕೇಳಿದರು.

“ಸೈಕಲ್ಲಿಗಿಂತ ಸ್ವಲ್ಪ ಕಡಿಮೆ.”

“ಎತ್ತರ?”

“ಸೈಕಲ್ಲಿನ ಚಕ್ರದಷ್ಟು ಇರಬಹುದು.”

“ಎಷ್ಟು ಸಾಲು?”

“ಮೂರು.”

“ದೊಡ್ಡ ಅಕ್ಷರವೇ, ಸಣ್ಣವೇ?”

“ದೊಡ್ಡವು, ಅಜ್ಜ. ದೂರದಿಂದ ಕಾಣುವ ಹಾಗಿವೆ.”

ಇದೆಲ್ಲ ನಿಜವನ್ನೇ ಹೇಳಿದೆ. ಇಲ್ಲಿ ಸುಳ್ಳು ಹೇಳಬೇಕು ಅಂತ ಹೊಳೆಯಲೇ ಇಲ್ಲ.

“ಈಗ ಓದು” ಅಂದರು.

ಓದಿದೆ. ಕಣ್ಣು ಮುಚ್ಚಿಕೊಂಡು ಓದಿದೆ. ಆಡೆಲಳ ಗಂಡ ಮುಳುಗಿದ್ದು, ಅವಳು ದಿನಾ ಮೊದಲು ಹೊಳೆಗೆ ಇಳಿದದ್ದು, ನೆನೆದ ಲಂಗ, ದಾರಿಹೋಕರು, ಎಲ್ಲ. ಒಂದು ವರ್ಷದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರಿಂದ ಎಲ್ಲೂ ತಡವರಿಸಲಿಲ್ಲ. ಮುಗಿದ ಮೇಲೆ ಆ ಕಡೆ ಬೆರಳು ಕುರ್ಚಿಯ ಕೈ ತಟ್ಟಿ ಎಣಿಸುವ ಸದ್ದು ಕೇಳಿಸಿತು.

“ಅಜ್ಜ?”

“ಅಷ್ಟು ಅಗಲದ ಬೋರ್ಡು, ದೊಡ್ಡ ಅಕ್ಷರ, ಮೂರು ಸಾಲು. ಅದರಲ್ಲಿ ಹತ್ತೋ ಹನ್ನೆರಡೋ ಪದ ಹಿಡಿಸುತ್ತವೆ” ಅಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಯಾರೋ ಕೆಲಸಗಾರನ ಲೆಕ್ಕ ತಿದ್ದುತ್ತಿರುವ ಹಾಗಿತ್ತು. “ಇನ್ನೊಂದು ಸಲ ಓದು. ಬೋರ್ಡಿನಲ್ಲಿ ಇರುವುದನ್ನು ಓದು.”

“ಆಡೆಲ್‌ಫೋರ್ಡ್. ಹಳೆಯ ಇಂಗ್ಲಿಷಿನಲ್ಲಿ, ಕೊಳಚೆ ನೀರಿನ ಹಾದಿ. ಗ್ರಾಮಸ್ಥರು ನಿಲ್ಲಿಸಿದ್ದು.”

“ಅಪ್ಪಾ” ಅಂತ ಮಗಳು ಅಂದದ್ದು ಕೇಳಿಸಿತು. ನಾಯಿ ಎಲ್ಲೋ ಬೊಗಳುತ್ತಿತ್ತು.

“ನಿನಗೆ ಮೊದಲಿನಿಂದಲೂ ಗೊತ್ತಿತ್ತೇ?”

“ಗೊತ್ತಿತ್ತು.”

ಯಾಕೆ ಹಾಗೆ ಮಾಡಿದೆ ಅಂತ ವಿವರಿಸಲು ಹೋದೆ. ಹಸಿದವರಿಗೆ ಕೆಟ್ಟ ಸುದ್ದಿ ಹೇಳಬಾರದು ಅನ್ನುವ, ನಮ್ಮೂರಲ್ಲಿ ಅಷ್ಟು ಸಹಜವಾಗಿರುವ ವಿಷಯ ಇಂಗ್ಲಿಷಿನಲ್ಲಿ ಹೇಳುವಾಗ ತೀರಾ ಪೆದ್ದಾಗಿ ಕೇಳಿಸಿತು. ನಡುವೆಯೇ ನಿಲ್ಲಿಸಿ ಅತ್ತೆ. ನನ್ನ ಅಳು ಮುಗಿದ ಮೇಲೆ ಅಜ್ಜ ಮಾತಾಡಿದರು.

“ನನ್ನದು ಬಿಡು. ಕೆಸರು ಅಂದರೆ ಕೆಸರು, ನಾನು ತಡೆದುಕೊಳ್ಳುತ್ತೇನೆ” ಅಂದರು. “ಆದರೆ ನಾನು ನನ್ನ ತಂಗಿಗೆ ಹೇಳಿಬಿಟ್ಟೆನಲ್ಲ. ಅವಳ ಕೈ ಮೇಲೆ ಬರೆದು ತೋರಿಸಿದೆನಲ್ಲ. ಹುಟ್ಟಿದಾಗಿನಿಂದ ಅವಳಿಗೆ ನಾನು ಒಂದು ಸುಳ್ಳೂ ಹೇಳಿರಲಿಲ್ಲ. ಈಗ ಅವಳಿಗೆ ನಿಜ ಹೇಗೆ ಹೇಳಲಿ? ನೀನೇ ಹೇಳು.”

ನನ್ನನ್ನು ಚುಚ್ಚಲು ಕೇಳಿದ ಮಾತಲ್ಲ ಅದು. ಎರಡೂವರೆ ವರ್ಷ, ಯಾವ ಮಾತ್ರೆ ಯಾವಾಗ, ಯಾವ ಇಮೇಲಿಗೆ ಏನು ಉತ್ತರ ಅಂತ ನನ್ನನ್ನೇ ಕೇಳಿದವರು, ಇದಕ್ಕೂ ನನ್ನ ಹತ್ತಿರ ಏನಾದರೂ ದಾರಿ ಇರುತ್ತದೆ ಅಂತ ನಿಜವಾಗಿಯೂ ಕೇಳಿದರು. ಕೇಳಿ, ಉತ್ತರಕ್ಕೆ ಕಾದರು. ಫೋನಿನಲ್ಲಿ ಅವರ ಉಸಿರು ಕೇಳುತ್ತಲೇ ಇತ್ತು. ಬಹಳ ಹೊತ್ತಾದ ಮೇಲೆ ಮಗಳು ಅವರ ಕೈಯಿಂದ ಫೋನ್ ತಗೊಂಡಳು.